ಪಾಠ ಹೇಳುವ ವಿದ್ಯೆ



13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡುವವರನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ. ಇವರಲ್ಲಿ ಮೊದಲು ನಿಲ್ಲುವವನು ಶಿಕ್ಷಾಕಾರ, ಅಂದರೆ ಯಾವ ಕೊರತೆಯೂ ಉಳಿಯದಂತೆ ಇನ್ನೊಬ್ಬರಿಗೆ ಕಲಿಸಬಲ್ಲವನು. ಕೇಳುಗರನ್ನು ರಂಜಿಸುವವನ ಹೆಸರು ಬರುವುದು ನಾಲ್ಕನೆಯದಾಗಿ. ಮೈಸೂರಿನ ರಾ. ಸತ್ಯನಾರಾಯಣ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಲೇ ಸಂಗೀತಶಾಸ್ತ್ರದಲ್ಲಿ ಮುಳುಗಿ, ಈ ಗ್ರಂಥಕ್ಕೆ ‘ನಿಃಶಂಕಹೃದಯ’ ಎಂಬ ಕನ್ನಡ ವ್ಯಾಖ್ಯಾನ ಬರೆದರು. ಹಾಗಾಗಿ ಸಂಸ್ಕೃತ ಬಾರದ ನಮ್ಮ ವಿದ್ಯಾರ್ಥಿಗೂ ಈ ವಿಚಾರ ಕೈಗೆಟಕುವಂಥದ್ದು.

ನಮ್ಮ ಪದವಿ ತರಗತಿಯವರು ಲಕ್ಷಣದ ಪತ್ರಿಕೆಗೆಂದು ಈ ಐದು ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಶಿಕ್ಷಾಕಾರ ಎಂದರೆ ಯಾರು ಎಂದು ಕೇಳಿದರೆ ತಪ್ಪಿಲ್ಲದೆ ಬರೆಯುತ್ತಾರೆ. ಶಿಕ್ಷಾಕಾರರಾಗುವುದು ಹೇಗೆ ಎಂಬುದನ್ನು ಮಾತ್ರ ಆ ಮೂರು ವರ್ಷಗಳಲ್ಲಿ ನಾವು ಬಹುಮಟ್ಟಿಗೆ ಅವರಿಗೆ ಹೇಳಿಕೊಡುವುದಿಲ್ಲ. ಇಂದು ನಾನು ಆಡಲು ಬಂದಿರುವ ಮಾತು ಇದೊಂದೇ. ಸಂಗೀತದ ಸ್ನಾತಕ ಪದವಿಯ ನಡುಮನೆಯಲ್ಲಿ ಪಾಠ ಹೇಳುವ ವಿದ್ಯೆಗೆ ಜಾಗ ಸಿಗಬೇಕು. ಪದವೀಧರರಲ್ಲಿ ಬಹುಪಾಲು ಜನ ಬದುಕು ಕಟ್ಟಿಕೊಳ್ಳುವುದು ಪಾಠ ಹೇಳಿಯೇ. ಕಛೇರಿ ಮಾಡುವವರೂ ಮನೆಯಲ್ಲಿ ಪಾಠ ಹೇಳುವವರೇ. ಕಲಿಸುವುದು ಬದುಕಿನ ಕೆಲಸವಾಗಿರುವಾಗ ಅದನ್ನು ಕಲಿಕೆಯ ಹೊರಗೆ ಇಟ್ಟಿರುವುದು ಸರಿಯಲ್ಲ.

ಮೊದಲ ಸೆಮಿಸ್ಟರಿನ ತರಗತಿಗೆ ಯಾರು ಬರುತ್ತಾರೆ ಎಂಬುದನ್ನು ನೋಡಿ. ಏಳನೆಯ ವಯಸ್ಸಿನಿಂದ ಪಾಠ ಹೇಳಿಸಿಕೊಂಡು, ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸಿದ ಹುಡುಗಿ ಒಬ್ಬಳು. ಅವಳ ಪಕ್ಕದಲ್ಲಿ ಊರಿನ ಭಜನಾಮಂಡಳಿಯಲ್ಲಿ ತಾಳ ಹಿಡಿದು ಬೆಳೆದ ಹುಡುಗ. ಅವನಿಗೆ ಲಯ ಮೈಯಲ್ಲೇ ಇದೆ, ಸ್ವರದ ಹೆಸರು ಗೊತ್ತಿಲ್ಲ. ಇನ್ನೊಬ್ಬಳು ಮೊಬೈಲಿನಲ್ಲಿ ಭಾವಗೀತೆ ಕೇಳಿ ಕೇಳಿ ಹಾಡಲು ಕಲಿತವಳು. ಹಿಂದಿನ ಬೆಂಚಿನಲ್ಲಿ ಆಶ್ರಮದಲ್ಲಿ ಕಲಿತು ಬಂದ ಅಂಧ ವಿದ್ಯಾರ್ಥಿ. ನೂರಾರು ವಚನಗಳು ಅವನ ಕಂಠದಲ್ಲಿವೆ. ಇವರೆಲ್ಲರ ಮುಂದೆ ಅಧ್ಯಾಪಕರು ಪಠ್ಯಕ್ರಮದಲ್ಲಿ ಬರೆದಿರುವ ವರ್ಣವನ್ನು ಆರಂಭಿಸುತ್ತಾರೆ. ಮೊದಲ ಹುಡುಗಿಗೆ ಅದು ಬರುತ್ತದೆ, ಉಳಿದವರು ಅವಳ ದನಿಯ ಹಿಂದೆ ಅಡಗಿಕೊಳ್ಳುತ್ತಾರೆ. ವರ್ಷಗಟ್ಟಲೆ ಈ ತರಗತಿಗಳಲ್ಲಿ ಕುಳಿತ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಇಷ್ಟೊಂದು ಬಗೆಯ ಕಲಿಕೆ ಒಂದೇ ಕೋಣೆಯಲ್ಲಿ ಸೇರುವುದು ಪುಣ್ಯ. ಬಳಸಿಕೊಂಡರೆ ಪಾಠ ಹೇಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕೋಣೆ ಇನ್ನೊಂದಿಲ್ಲ. ಗುರುಕುಲದಲ್ಲಿ ಹಿರಿಯ ಶಿಷ್ಯರು ಕಿರಿಯರಿಗೆ ಸರಳೆ ಹೇಳಿಸುತ್ತಿದ್ದರು, ಗುರುಗಳು ಒಳಮನೆಯಿಂದಲೇ ಕೇಳಿಸಿಕೊಂಡು ತಿದ್ದುತ್ತಿದ್ದರು. ತಿದ್ದುಪಡಿ ಕಿರಿಯನಿಗೂ ಆಗುತ್ತಿತ್ತು, ಹೇಳಿಸುವವನಿಗೂ ಆಗುತ್ತಿತ್ತು. ಕಾಲೇಜು ಗುರುಕುಲದಿಂದ ಬಹಳಷ್ಟನ್ನು ತಂದುಕೊಂಡಿತು, ಇದೊಂದನ್ನು ಅಲ್ಲೇ ಬಿಟ್ಟು ಬಂದಿತು.

ಸಂಗೀತ ಶಾಲೆಗಳನ್ನು ಮೊದಲು ಕಟ್ಟಿದವರು ಇದನ್ನು ಮರೆತಿರಲಿಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜಾಶ್ರಯವನ್ನು ನೆಚ್ಚದೆ, ಜನರ ಹಣದಿಂದ ನಡೆದ ಶಾಲೆ ಅದು. ಮುಂದೆ ಸಂಗೀತ ಶಿಕ್ಷಕರಾಗಿ ಊರೂರಿಗೆ ಹೋಗಬೇಕಾದವರಿಗಾಗಿ ಅಲ್ಲಿ ‘ಉಪದೇಶಕ’ ವರ್ಗವೊಂದು ಪ್ರತ್ಯೇಕವಾಗಿತ್ತು. ಪಲುಸ್ಕರರ ಶಿಷ್ಯರಾದ ವಿನಾಯಕರಾವ್ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಶಾಲೆ ಕಟ್ಟಿದರು, ಓಂಕಾರನಾಥ ಠಾಕೂರರು 1950ರಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ನಡೆಸಿದರು. ಗುರುಗಳು ಗಾಯಕರ ಜೊತೆಗೆ ಶಾಲೆ ಕಟ್ಟುವವರನ್ನೂ ತಯಾರು ಮಾಡಿದ್ದರು. ದಕ್ಷಿಣದಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿ ಕೆಲವೇ ವರ್ಷಗಳಲ್ಲಿ, 1931ರಲ್ಲಿ, ಟೀಚರ್ಸ್ ಕಾಲೇಜ್ ಆಫ್ ಮ್ಯೂಸಿಕ್ ಆರಂಭಿಸಿತು. ಟೈಗರ್ ವರದಾಚಾರ್ಯರಂಥ ಮಹಾ ವಿದ್ವಾಂಸರು ಅದರ ಪ್ರಾಂಶುಪಾಲರಾಗಿ ಕುಳಿತರು. ಆ ಸಂಸ್ಥೆಯ ಹೆಸರಲ್ಲೇ ಶಿಕ್ಷಕರಿದ್ದರು.

ಭಾತಖಂಡೆಯವರ ದಾರಿ ಬೇರೆ. 1926ರಲ್ಲಿ ಲಕ್ನೋದಲ್ಲಿ ತೆರೆದ ಮ್ಯಾರಿಸ್ ಕಾಲೇಜು, ಆರು ಭಾಗಗಳ ಕ್ರಮಿಕ ಪುಸ್ತಕ ಮಾಲಿಕೆ, ಹತ್ತು ಥಾಟ್‌ಗಳ ವರ್ಗೀಕರಣ, ಇವೆಲ್ಲ ಸೇರಿ ಸಂಗೀತವನ್ನು ತರಗತಿಯಲ್ಲಿ ಕ್ರಮವಾಗಿ ಕಲಿಸಬಹುದು ಎಂದು ತೋರಿಸಿದವು. ಈ ಕಾಲೇಜಿಗೂ ಕನ್ನಡ ನಾಡಿಗೂ ಒಂದು ಗಟ್ಟಿ ನಂಟಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ.ಜಿ. ಗಿಂಡೆಯವರು ಚಿಕ್ಕ ಹುಡುಗನಾಗಿದ್ದಾಗಲೇ ಲಕ್ನೋಗೆ ಹೋಗಿ, ಕಾಲೇಜಿನ ಪ್ರಾಂಶುಪಾಲ ಶ್ರೀಕೃಷ್ಣ ರತಂಜನ್‌ಕರರ ಮನೆಯಲ್ಲಿ ಮನೆಮಗನಂತೆ ಬೆಳೆದರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಾಗರಕರರೂ ಅದೇ ಗುರುಗಳ ಬಳಿ ಕಲಿತು, ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯ ಮುಖ್ಯಸ್ಥರಾದರು. ಗಿಂಡೆಯವರು ಮುಂಬಯಿಯಲ್ಲಿ ಬಾಳಿಡೀ ಕಲಿಸಿದರು. ಇವರಿಬ್ಬರಿಗೂ ಎರಡು ಬಗೆಯ ಕಲಿಕೆ ಒಟ್ಟಿಗೆ ದೊರೆತಿತ್ತು: ಹಗಲು ತರಗತಿಯ ಕ್ರಮ, ಉಳಿದ ಹೊತ್ತೆಲ್ಲ ಗುರುವಿನ ಸಹವಾಸ. ಇವತ್ತಿನ ಪದವಿ ವಿದ್ಯಾರ್ಥಿಗೆ ಎರಡೂ ಅರ್ಧರ್ಧ ಸಿಗುತ್ತಿವೆ.

ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು 1960ರ ದಶಕದಲ್ಲಿ ಬಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದೊಂದಿಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರಂಥವರ ಹೆಸರು ಬೆಸೆದುಕೊಂಡಿದೆ. 2009ರ ಕಾಯ್ದೆಯ ಮೂಲಕ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಮೀಸಲಾದ ವಿಶ್ವವಿದ್ಯಾಲಯ ಗಂಗೂಬಾಯಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ನೆಲೆಗೊಂಡಿತು. ಹುಬ್ಬಳ್ಳಿಯ ಹಿಂದುಸ್ತಾನಿ ಗಾಯಕಿಯ ಹೆಸರು ಕರ್ನಾಟಕ ಸಂಗೀತದ ತವರಾದ ಮೈಸೂರಿಗೆ ಬಂದದ್ದು ನನಗೆ ಬಹಳ ಸಂತೋಷದ ಸಂಗತಿ. ಈ ಎಲ್ಲ ಕಡೆಗಳಲ್ಲೂ ದೊಡ್ಡ ಕಲಾವಿದರು ಪಾಠ ಹೇಳಿದ್ದಾರೆ. ದೊಡ್ಡ ಕಲಾವಿದರ ಎದುರು ಕುಳಿತಾಗ ಸಿಗುವುದನ್ನು ಬೇರೆಲ್ಲೂ ಪಡೆಯಲಾಗದು. ಆದರೆ ಅದು ದಕ್ಕುವುದು ಆಗಲೇ ಶ್ರುತಿ ಸೇರಿದವರಿಗೆ, ತಾಳ ಕೂತವರಿಗೆ. ಶ್ರುತಿಯನ್ನು ಸೇರಿಸುವ, ತಾಳವನ್ನು ಕೂರಿಸುವ ಕೆಲಸ ಬೇರೆ ಯಾರೋ ಎಲ್ಲೋ ಮಾಡಿರಬೇಕು. ಆ ಬೇರೆ ಯಾರೋ ಎನ್ನುವವರನ್ನು ತಯಾರು ಮಾಡುವುದೇ ಪದವಿಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಮಕ್ಕಳಿಗೆ, ಹಸಿದು ಬಂದ ಮಕ್ಕಳಿಗೆ ಅನ್ನದ ಜೊತೆ ಸಂಗೀತ ಕೊಟ್ಟರು. ಕರ್ನಾಟಕ ಹಾಗೂ ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಬಲ್ಲವರೆಂದು ಅವರಿಗೆ ಉಭಯಗಾನ ವಿಶಾರದ ಎಂಬ ಬಿರುದು ಸಂದಿತು. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಹೆಸರಾಂತ ಶಿಷ್ಯರಿಗಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವವರು ಅಲ್ಲಿ ಕಲಿತು ಶಾಲೆಗಳಲ್ಲಿ ಸಂಗೀತದ ಮೇಷ್ಟರಾದವರು. ಉತ್ತರ ಕರ್ನಾಟಕದ ಎಷ್ಟೋ ಊರಿನ ಮಕ್ಕಳು ಮೊದಲ ಬಾರಿಗೆ ಸ್ವರ ಹಿಡಿದದ್ದು ಅಂಥ ಮೇಷ್ಟರ ಹಾರ್ಮೋನಿಯಂ ಮುಂದೆ. ಪುಸ್ತಕವಿಲ್ಲದೆ, ಕರಿಹಲಗೆಯಿಲ್ಲದೆ, ಬರೀ ಕಿವಿಯಿಂದ ಕಲಿಸುವ ಆ ರೀತಿಯನ್ನು ಯಾರಾದರೂ ಕುಳಿತು ವಿವರವಾಗಿ ದಾಖಲಿಸಬೇಕು. ಯಾವ ಕ್ರಮದಲ್ಲಿ ಹೇಳಿಕೊಡುತ್ತಾರೆ, ತಪ್ಪಿದಾಗ ಏನು ಮಾಡುತ್ತಾರೆ, ಎಷ್ಟು ಸಲ ಹೇಳಿಸುತ್ತಾರೆ, ಯಾವಾಗ ಸುಮ್ಮನಿದ್ದು ಕೇಳುತ್ತಾರೆ? ಪದವಿ ವಿದ್ಯಾರ್ಥಿಯ ಕಿರುಪ್ರಬಂಧಕ್ಕೆ ಇದಕ್ಕಿಂತ ಮೇಲಾದ ವಿಷಯ ನನಗೆ ತೋಚುವುದಿಲ್ಲ.

ಈಗ ಪಾಠದ ಒಳಕ್ಕೇ ಹೋಗೋಣ. ಕಲಿಸುವ ಶಾಸ್ತ್ರ ಎಂದ ಕೂಡಲೇ ಹೊರಗಿನಿಂದ ಏನೋ ತರಬೇಕು ಎಂದು ತಿಳಿಯುವವರಿದ್ದಾರೆ. ನಮ್ಮ ಆರಂಭದ ಪಾಠಗಳಲ್ಲೇ ಆ ಶಾಸ್ತ್ರ ಅಡಗಿದೆ. ಅದನ್ನು ನಾವು ಹಾಡಿದ್ದೇವೆ, ಬಿಡಿಸಿ ನೋಡಿಲ್ಲ.

ಸರಳೆ, ಜಂಟಿ, ಅಲಂಕಾರಗಳನ್ನು ಮಾಳವಗೌಳದಲ್ಲಿ ಕಲಿಸುವ ಕ್ರಮವನ್ನು ಪರಂಪರೆ ಪುರಂದರದಾಸರ ಹೆಸರಿಗೆ ಸೇರಿಸುತ್ತದೆ. ಮಾಯಾಮಾಳವಗೌಳ ಎಂದೂ ಕರೆಯುವ ಈ ರಾಗ 72 ಮೇಳಗಳಲ್ಲಿ 15ನೆಯದು. ಅದರ ಸ್ವರಗಳನ್ನು ವೀಣೆಯ ಮನೆಗಳ ಮೇಲೆ ನೋಡಿದರೆ ಒಂದು ಚೆಲುವಾದ ಜೋಡಣೆ ಕಾಣುತ್ತದೆ. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭ, ಅಂತರ ಗಾಂಧಾರದ ಪಕ್ಕದಲ್ಲೇ ಶುದ್ಧ ಮಧ್ಯಮ, ಪಂಚಮದ ಪಕ್ಕದಲ್ಲೇ ಶುದ್ಧ ಧೈವತ, ಕಾಕಲಿ ನಿಷಾದದ ಪಕ್ಕದಲ್ಲೇ ಮೇಲಿನ ಷಡ್ಜ. ಹೀಗೆ ಎರಡೆರಡು ಸ್ವರಗಳು ಅಂಟಿಕೊಂಡಿವೆ, ರಿಷಭದಿಂದ ಗಾಂಧಾರಕ್ಕೆ, ಧೈವತದಿಂದ ನಿಷಾದಕ್ಕೆ ಮಾತ್ರ ದೊಡ್ಡ ಜಿಗಿತ. ಪೂರ್ವಾಂಗದಲ್ಲಿ ಏನಿದೆಯೋ ಉತ್ತರಾಂಗದಲ್ಲಿ ಅದೇ ಇದೆ. ಮಗು ಕೆಳಗೆ ಒಮ್ಮೆ ಕಲಿತದ್ದನ್ನು ಪಂಚಮದಿಂದ ಮೇಲಕ್ಕೆ ಮತ್ತೊಮ್ಮೆ ಹಾಡುತ್ತದೆ. ಅತಿ ಸಣ್ಣ ಅಂತರ, ಅತಿ ದೊಡ್ಡ ಅಂತರ ಎರಡೂ ಮೊದಲ ದಿನದಿಂದಲೇ ಕಿವಿಗೆ ಬೀಳುತ್ತವೆ. ಗಮಕದ ಒತ್ತಾಯವಿಲ್ಲದೆ ಸ್ವರಗಳನ್ನು ನೇರವಾಗಿ ನಿಲ್ಲಿಸಬಹುದು.

ಇದರ ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು. ಸರಳೆ, ಅಲಂಕಾರ ಮುಗಿದ ಮೇಲೆ ಬರುವ ಪಿಳ್ಳಾರಿ ಗೀತೆಗಳು ಮಲಹರಿಯಲ್ಲಿವೆ. ಮಲಹರಿ ಅದೇ ಮೇಳದ ಮಗು. ಆರೋಹಣದಲ್ಲಿ ಗಾಂಧಾರ, ನಿಷಾದ ಎರಡೂ ಇಲ್ಲ, ಅವರೋಹಣದಲ್ಲಿ ನಿಷಾದ ಇಲ್ಲ. ಅಂದರೆ ಅಭ್ಯಾಸದಿಂದ ಹಾಡಿಗೆ ದಾಟುವಾಗ ಮಗುವಿಗೆ ಹೊಸ ಸ್ವರಸ್ಥಾನ ಒಂದೂ ಇಲ್ಲ. ಗೊತ್ತಿರುವ ಸ್ವರಗಳಲ್ಲಿ ಕೆಲವನ್ನು ಬಿಟ್ಟು ನಡೆಯುವುದನ್ನು ಮಾತ್ರ ಕಲಿಯಬೇಕು. ಹೊಸದಾಗಿ ಸೇರುವುದು ಸಾಹಿತ್ಯ. ಒಂದು ಕಷ್ಟವನ್ನು ಸೇರಿಸುವಾಗ ಇನ್ನೊಂದನ್ನು ಹಗುರ ಮಾಡುವ ಈ ಎಚ್ಚರ ಒಳ್ಳೆಯ ಶಿಕ್ಷಕರ ಗುರುತು. ಆಮೇಲೆ ಬರುವ ಶುದ್ಧಸಾವೇರಿ, ಮೋಹನದ ಗೀತೆಗಳಲ್ಲಿ ಐದೇ ಸ್ವರಗಳು, ಆದರೆ ರಿಷಭ ಧೈವತಗಳ ಸ್ಥಾನ ಬದಲಾಗಿದೆ. ಈ ಬಾರಿ ಹೊಸ ಸ್ಥಾನಗಳು ಬಂದವು, ಸ್ವರಗಳ ಸಂಖ್ಯೆ ಇಳಿಯಿತು. ಪದವಿ ವಿದ್ಯಾರ್ಥಿಗಳಿಗೆ ಇದನ್ನು ಒಂದು ಇಡೀ ಪತ್ರಿಕೆಯಾಗಿ ಪಾಠ ಮಾಡಬಹುದು. ಪ್ರತಿ ಗೀತೆಯನ್ನೂ ಎದುರಿಗಿಟ್ಟುಕೊಂಡು ಇಲ್ಲಿ ಹೊಸದೇನು, ಹಳೆಯದೇನು, ಮಗು ಎಲ್ಲಿ ಎಡವಬಹುದು ಎಂದು ಕೇಳುತ್ತಾ ಹೋದರೆ ಸಾಕು.

ಪಿಳ್ಳಾರಿ ಗೀತೆಗಳಲ್ಲಿ ‘ಕೆರೆಯ ನೀರನು’ ತ್ರಿಪುಟ ತಾಳದ್ದು. ತ್ರಿಪುಟಕ್ಕೆ ಮೂರು, ಎರಡು, ಎರಡು ಸೇರಿ ಏಳು ಅಕ್ಷರ. ಅಲಂಕಾರದಲ್ಲಿ ಕಂಡ ಏಳರ ನಡೆಯನ್ನು ಸಂಗೀತದ ಮಗು ಇಲ್ಲಿ ಸಾಹಿತ್ಯದ ಜೊತೆ ಕೈಯಲ್ಲಿ ಹಾಕುತ್ತದೆ, ತಡವರಿಸುತ್ತದೆ. ಈಗ ಕನ್ನಡದ ತರಗತಿಗೆ ಬನ್ನಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಅದೂ ಏಳೇ. ಪ್ರೌಢಶಾಲೆಯ ಮಕ್ಕಳು ಪ್ರಸ್ತಾರ ಹಾಕಿ, ಲಘು ಗುರು ಬರೆದು, ಗಣ ವಿಂಗಡಿಸಿ ಅಂಕ ಪಡೆಯುತ್ತಾರೆ. ಅದೇ ಪದ್ಯವನ್ನು ಗಮಕಿಯೊಬ್ಬರು ವಾಚಿಸುವಾಗ ಕೈ ತಟ್ಟುತ್ತಾ ಕೇಳಿದ್ದರೆ ಏಳರ ಈ ಮಿಶ್ರ ನಡೆಯ ಓಟ ಅವರ ಮೈಗೆ ಹತ್ತಿರುತ್ತಿತ್ತು. ಕನ್ನಡದ ಮೇಷ್ಟರು ಹಾಗೂ ಸಂಗೀತದ ಮೇಷ್ಟರು ಒಂದೇ ಶಾಲೆಯಲ್ಲಿದ್ದರೂ ಈ ಏಳು ಮಾತ್ರೆಗಳ ವಿಚಾರವಾಗಿ ಇಬ್ಬರೂ ಮಾತಾಡಿಕೊಳ್ಳುವುದಿಲ್ಲ. ಸಂಗೀತ ಪದವಿಯಲ್ಲಿ ಕನ್ನಡ ಭಾಷಾಪತ್ರಿಕೆ ಹೇಗೂ ಇದೆ. ಅದರಲ್ಲಿ ಛಂದಸ್ಸನ್ನು ಹಾಡುಗಾರರ ಕಣ್ಣಿನಿಂದ ಪಾಠ ಮಾಡಿದರೆ, ರಗಳೆ, ಷಟ್ಪದಿ, ತ್ರಿಪದಿಗಳನ್ನು ತಾಳದ ಜೊತೆ ಇಟ್ಟು ನೋಡಿದರೆ, ಆ ವಿದ್ಯಾರ್ಥಿ ಮುಂದೆ ಯಾವ ಶಾಲೆಗೆ ಹೋದರೂ ಅಲ್ಲಿನ ಮಕ್ಕಳಿಗೆ ಆಗಲೇ ಗೊತ್ತಿರುವುದರಿಂದ ಪಾಠ ಆರಂಭಿಸಬಲ್ಲ.

ಮಾಳವಗೌಳದಿಂದಲೇ ಎಲ್ಲ ಮಕ್ಕಳೂ ಆರಂಭಿಸಬೇಕೆ? ಈ ವಿಚಾರದಲ್ಲಿ ನನ್ನ ಅಭಿಪ್ರಾಯವನ್ನು ಒಪ್ಪದ ಹಿರಿಯರು ಈ ಸಭೆಯಲ್ಲಿದ್ದಾರೆ. ಮೈಸೂರು ಸೀಮೆಯ ಮಗು ಮಾಳವಗೌಳದ ಬಾಗಿಲಿನಿಂದ ಒಳಗೆ ಬರುತ್ತದೆ, ಧಾರವಾಡ ಸೀಮೆಯ ಮಗು ಬಿಲಾವಲ್, ಭೂಪ್ ಬಾಗಿಲಿನಿಂದ. ಒಂದೇ ರಾಜ್ಯದಲ್ಲಿ ಎರಡು ಬಾಗಿಲುಗಳಿವೆ. ಮಾಳವಗೌಳದ ಶುದ್ಧ ರಿಷಭ ಷಡ್ಜಕ್ಕೆ ಬಹಳ ಹತ್ತಿರ. ಸಿನಿಮಾ ಹಾಡು, ಜಾಹೀರಾತಿನ ಹಾಡು ಕೇಳಿ ಬೆಳೆದ ಇಂದಿನ ಮಗುವಿನ ಕಿವಿಗೆ ಅದು ಸುಲಭಕ್ಕೆ ನಿಲ್ಲುವುದಿಲ್ಲ, ರಿಷಭ ಮೇಲಕ್ಕೆ ಜಾರುತ್ತದೆ. ಒಬ್ಬೊಬ್ಬರಿಗೇ ಪಾಠ ಹೇಳುವಾಗ ಇದನ್ನು ದಿನವೂ ತಿದ್ದಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ, ವಾರಕ್ಕೆ ಒಂದೆರಡು ಪೀರಿಯಡ್‌ನಲ್ಲಿ, ತಿದ್ದಲಾಗುವುದಿಲ್ಲ. ಅಲ್ಲಿ ಮೋಹನದ ಸರಳ ಹಾಡುಗಳಿಂದ ತೊಡಗಿ, ಶ್ರುತಿ ಕೂತ ಮೇಲೆ ಮಾಳವಗೌಳಕ್ಕೆ ಬರುವುದು ಮೇಲು ಎಂದು ನನಗನ್ನಿಸುತ್ತದೆ. ಗುರುವಿನ ಬಳಿ ಮುಂದುವರಿಯುವ ಮಗುವಿಗೆ ಮಾಳವಗೌಳದ ಕ್ರಮ ಬಿಡುವುದು ಬೇಡ. ಯಾವುದೇ ಇರಲಿ, ಮೈಸೂರಿನ ಪದವಿ ವಿದ್ಯಾರ್ಥಿ ಧಾರವಾಡದಲ್ಲಿ ಆರಂಭದ ಪಾಠ ಹೇಗೆ ನಡೆಯುತ್ತದೆ ಎಂದು ಒಂದು ತಿಂಗಳು ಕುಳಿತು ನೋಡಬೇಕು, ಅಲ್ಲಿಯವರು ಇಲ್ಲಿಗೆ ಬರಬೇಕು. ಎರಡು ಬಾಗಿಲುಗಳನ್ನೂ ಕಂಡವರಿಗೆ ತಾವು ಹೀಗೇ ಯಾಕೆ ಕಲಿತೆವು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇನ್ನು ಕಂಠದ ವಿಚಾರ. ಪದವಿಯಲ್ಲಿ 22 ಶ್ರುತಿಗಳ ಲೆಕ್ಕ ಹೇಳಿಕೊಡುತ್ತೇವೆ. ಹನ್ನೆರಡು ವರ್ಷದ ಹುಡುಗನ ಗಂಟಲಿನಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳಿಕೊಡುವುದಿಲ್ಲ. ಸುಮಾರು ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಒಡೆಯುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದವನು ಒಂದು ಮನೆಗೆ ಇಳಿಯುತ್ತಾನೆ, ಅದೂ ಒಂದೇ ದಿನದಲ್ಲಿ ಇಳಿಯುವುದಿಲ್ಲ. ಎಂಟನೆಯ ತರಗತಿಯಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಒಂದೇ ಶ್ರುತಿಯಲ್ಲಿ ಹಾಡಿಸಿದಾಗ ಹುಡುಗರಿಗೆ ಮೇಲಿನ ಸ್ಥಾಯಿ ಎಟಕುವುದಿಲ್ಲ. ಪಕ್ಕದವರು ನಗುತ್ತಾರೆ. ಆ ಹುಡುಗ ಅಂದೇ ಹಾಡುವುದನ್ನು ಬಿಡುತ್ತಾನೆ, ಎಷ್ಟೋ ಜನ ಮತ್ತೆಂದೂ ಬಾಯಿ ಬಿಡುವುದಿಲ್ಲ. ನಮ್ಮ ಪದವಿ ತರಗತಿಗಳಲ್ಲಿ ಹುಡುಗರ ಸಂಖ್ಯೆ ಕಡಿಮೆಯಿರುವುದಕ್ಕೆ ಬೇರೆ ಕಾರಣಗಳೂ ಇವೆ, ಇದೂ ಒಂದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಎರಡು ವರ್ಷ ಅವನಿಗೆ ನಾಲ್ಕೈದು ಸ್ವರಗಳೊಳಗೆ ಮುಗಿಯುವ ಹಾಡು ಕೊಡಬಹುದು, ತಾಳ ಹಾಕಿಸಬಹುದು, ಕೊನ್ನಕ್ಕೋಲು ಹೇಳಿಸಬಹುದು, ತಂಬೂರಿ ಮೀಟಿಸಬಹುದು. ದನಿ ಮರಳಿ ಬರುತ್ತದೆ, ಬೇರೆ ದನಿಯಾಗಿ ಬರುತ್ತದೆ ಎಂದು ಬಾಯಿಬಿಟ್ಟು ಹೇಳಬಹುದು. ಗಂಗೂಬಾಯಿ ಹಾನಗಲ್ ಅವರ ಕಂಠ ಮೊದಲು ಎಳೆಯ ಹೆಣ್ಣುದನಿಯೇ ಆಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಬದಲಾಯಿತು. ಬದಲಾದ ಆ ದನಿಯಲ್ಲೇ ಅವರು ತಮ್ಮ ಗಾಯನವನ್ನು ಕಟ್ಟಿದರು, ಕಿರಾಣಾ ಘರಾನೆಯ ಹಿರಿಯ ದನಿಯಾದರು. ಅವರ ಹೆಸರಿನ ವಿಶ್ವವಿದ್ಯಾಲಯ ಇರುವ ನಾಡಿನಲ್ಲಿ ದನಿ ಒಡೆದ ಹುಡುಗನಿಗೆ ಧೈರ್ಯ ಹೇಳಬಲ್ಲ ಸಂಗೀತ ಶಿಕ್ಷಕರು ಎಲ್ಲ ಶಾಲೆಗಳಲ್ಲೂ ಇರಬೇಕು.

ಶಾಲೆಗಳಲ್ಲಿ ಸಂಗೀತವೇ ಇಲ್ಲ ಎಂಬ ಮಾತು ಅಷ್ಟು ನಿಜವಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ–ಕಲಿ ಪದ್ಧತಿಯಲ್ಲಿ ಹಾಡಿಗೆ ದೊಡ್ಡ ಪಾಲಿದೆ. ಸಂಗೀತ ಕಲಿಯದ ಟೀಚರ್‌ಗಳೇ ಆ ಹಾಡುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅವರಿಗೆ ನಮ್ಮ ನಮಸ್ಕಾರ ಸಲ್ಲಬೇಕು. ಶಾಲೆಗಳಲ್ಲಿ ನಾಡಗೀತೆ ಹಾಡುತ್ತಾರೆ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಪಡಿಸಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಹೇಳಿತು. ಧಾಟಿ ಗೊತ್ತಾಯಿತು, ಕಾಲ ಗೊತ್ತಾಯಿತು, ಶ್ರುತಿ ಕೊಡುವವರು ಯಾರು? ಮೈದಾನದಲ್ಲಿ ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬಳು ತನಗೆ ತೋಚಿದ ಎತ್ತರದಲ್ಲಿ ಎತ್ತಿಕೊಳ್ಳುತ್ತಾಳೆ, ಉಳಿದವರು ಅವಳ ಹಿಂದೆ ಹೋಗುತ್ತಾರೆ, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಬರೀ ತುಟಿ ಆಡಿಸುತ್ತಿರುತ್ತಾರೆ. ಒಂದು ಶ್ರುತಿಪೆಟ್ಟಿಗೆ, ಮಕ್ಕಳ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಆರಿಸಬಲ್ಲ ಒಬ್ಬ ಶಿಕ್ಷಕಿ, ಇಷ್ಟಿದ್ದರೆ ಆ ಎರಡೂವರೆ ನಿಮಿಷವೇ ರಾಜ್ಯದ ಅತಿ ದೊಡ್ಡ ಸಂಗೀತ ಪಾಠವಾಗುತ್ತದೆ. ಬೇರೆ ಯಾವ ಸಂಗೀತ ತರಗತಿಗೂ ಇಷ್ಟು ಮಕ್ಕಳು ಸೇರುವುದಿಲ್ಲ.

ಕಾನೂನಿನಲ್ಲಿ ಏನಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಾಶಿಕ್ಷಣಕ್ಕೆ ಬೋಧಕರಿರಬೇಕು ಎನ್ನುತ್ತದೆ, ಆದರೆ ಅರೆಕಾಲಿಕ ಬೋಧಕರು. ಕೇಂದ್ರೀಯ ವಿದ್ಯಾಲಯಗಳು 2022ರಲ್ಲಿ ಪ್ರಾಥಮಿಕ ತರಗತಿಗಳ ಸಂಗೀತ ಶಿಕ್ಷಕರನ್ನು ಕರೆದಾಗ ಕೇಳಿದ್ದು ಪಿಯುಸಿ ಮಟ್ಟದ ಓದಿನ ಜೊತೆ ಸಂಗೀತದ ಪದವಿ. ಬೇರೆ ಪ್ರಾಥಮಿಕ ಶಿಕ್ಷಕರಿಗೆ ಬೇಕಾದ ಬೋಧನಾ ತರಬೇತಿಯನ್ನು ಸಂಗೀತದವರಿಂದ ಕೇಳಿರಲಿಲ್ಲ. ಕೆಲಸ ಸಿಗುವವರಿಗೆ ಅದರಿಂದ ಅನುಕೂಲವಾಯಿತು, ನಿಜ. ಆದರೆ ಅದರ ಹಿಂದಿನ ನಂಬಿಕೆಯನ್ನು ಗಮನಿಸಿ. ಹಾಡಲು ಬಂದರೆ ಸಾಕು, ಕಲಿಸುವುದು ತಾನಾಗಿ ಬರುತ್ತದೆ ಎಂದು ವ್ಯವಸ್ಥೆ ತಿಳಿದಿದೆ. ನಾವೂ ನಮ್ಮ ಪಠ್ಯಕ್ರಮದಲ್ಲಿ ಅದನ್ನೇ ತಿಳಿದಿದ್ದೇವೆ. ಶಾರ್ಙ್ಗದೇವ ಮಾತ್ರ ಹಾಗೆ ತಿಳಿದಿರಲಿಲ್ಲ.

ಬೇರೆ ದೇಶಗಳಲ್ಲಿ ಇದಕ್ಕೆ ಪ್ರತ್ಯೇಕ ಪದವಿಯೇ ಇದೆ. ಅಮೆರಿಕದ ಬಾಸ್ಟನ್ ನಗರ 1838ರಲ್ಲೇ ಸಂಗೀತವನ್ನು ಸಾರ್ವಜನಿಕ ಶಾಲೆಯ ವಿಷಯವಾಗಿ ಒಪ್ಪಿಕೊಂಡಿತು. ಜೂಲಿಯಾ ಕ್ರೇನ್ ಎಂಬ ಶಿಕ್ಷಕಿ 1886ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಟ್ಸ್‌ಡ್ಯಾಂನಲ್ಲಿ ಶಾಲಾ ಸಂಗೀತ ಶಿಕ್ಷಕರಿಗಾಗಿಯೇ ಸಂಸ್ಥೆ ಕಟ್ಟಿದರು. ಅಂಥ ಪದವಿಯ ವಿದ್ಯಾರ್ಥಿ ಕೊನೆಯ ವರ್ಷದಲ್ಲಿ ಅನುಭವಿ ಶಿಕ್ಷಕರ ಕೈಕೆಳಗೆ ಶಾಲೆಯಲ್ಲಿ ತಿಂಗಳುಗಟ್ಟಲೆ ಪಾಠ ಮಾಡುತ್ತಾರೆ. ಹಂಗೇರಿಯಲ್ಲಿ ಜೊಲ್ತಾನ್ ಕೊದಾಯ್ ಹಳ್ಳಿಹಳ್ಳಿ ಸುತ್ತಿ ಜನಪದ ಹಾಡು ಸಂಗ್ರಹಿಸಿದರು. ಮಗುವಿಗೆ ಸಂಗೀತ ತಾಯ್ನುಡಿಯ ಹಾಡಿನಿಂದಲೇ ಬರಬೇಕು ಎಂದು ಹೇಳಿದ ಅವರ ಹುಟ್ಟೂರು ಕೆಚ್ಕೆಮೆಟ್‌ನಲ್ಲಿ 1950ರಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ತೆರೆಯಿತು. ಈ ದೇಶಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಪದವಿ ವಿದ್ಯಾರ್ಥಿ ಶಾಲೆಯಲ್ಲಿ ಪಾಠ ಮಾಡುತ್ತಾ ಕಳೆಯುವ ಆ ತಿಂಗಳುಗಳನ್ನು. ಪ್ರತ್ಯೇಕ ಪದವಿ ನಮಗೆ ಬೇಡ ಎಂದು ನನ್ನ ಎಣಿಕೆ. ಗಾಯಕರಿಗೊಂದು ಪದವಿ, ಶಿಕ್ಷಕರಿಗೊಂದು ಪದವಿ ಎಂದು ಇಟ್ಟರೆ, ಎರಡನೆಯದು ಹಾಡಲು ಬಾರದವರ ಪದವಿ ಎನ್ನಿಸಿಕೊಳ್ಳಲು ನಮ್ಮಲ್ಲಿ ಹೆಚ್ಚು ಕಾಲ ಬೇಕಾಗಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನಾಲ್ಕೋ ಮೂರೋ ಎಂಬ ಚರ್ಚೆಯಲ್ಲಿ ಆ ವರ್ಷಗಳೊಳಗೆ ಏನಿರಬೇಕು ಎಂಬುದು ಹಿಂದೆ ಸರಿಯಿತು. ಮೂರೇ ವರ್ಷ ಎಂದಿಟ್ಟುಕೊಂಡು ಪಠ್ಯಕ್ರಮ ಸಮಿತಿಯವರ ಮುಂದೆ ನನ್ನ ಸೂಚನೆ ಇಡುತ್ತೇನೆ.

ಮೊದಲ ವರ್ಷದಲ್ಲಿ, ಮೊದಲೇ ಕಲಿತು ಬಂದವರು ಕಲಿಯದೆ ಬಂದ ಸಹಪಾಠಿಗಳಿಗೆ ವಾರಕ್ಕೆರಡು ಬಾರಿ ಅಧ್ಯಾಪಕರ ಎದುರಿನಲ್ಲೇ ಪಾಠ ಹೇಳಲಿ. ಭಜನೆಯ ಹುಡುಗ ಅವರಿಗೆ ತಾಳ ಹೇಳಿಕೊಡಲಿ, ಆಶ್ರಮದಿಂದ ಬಂದವನು ಕೇಳಿ ಕಲಿಯುವ ಬಗೆಯನ್ನು ತೋರಿಸಲಿ. ಎರಡನೆಯ ವರ್ಷದಲ್ಲಿ ಮಕ್ಕಳ ಕಂಠ, ಆರಂಭದ ಪಾಠಗಳ ಕ್ರಮ, ಕನ್ನಡದ ಹಾಡುಗಳು ಒಂದು ಪತ್ರಿಕೆಯಾಗಲಿ. ದೇವರನಾಮ, ವಚನ, ರಂಗಗೀತೆ, ಭಾವಗೀತೆ, ಜನಪದ ಹಾಡುಗಳಲ್ಲಿ ಯಾವುದು ಯಾವ ವಯಸ್ಸಿನ ಕಂಠಕ್ಕೆ ಒಗ್ಗುತ್ತದೆ ಎಂದು ವಿದ್ಯಾರ್ಥಿಗಳೇ ಹಾಡಿ ನೋಡಿ ಪಟ್ಟಿ ಮಾಡಲಿ. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರಿಗೂ ಹತ್ತಿರದ ಸರ್ಕಾರಿ ಶಾಲೆಯ ಒಂದು ತರಗತಿಯನ್ನು ಹನ್ನೆರಡು ವಾರಗಳ ಮಟ್ಟಿಗೆ ಒಪ್ಪಿಸಲಿ. ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಸಂಗೀತ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಶಾಲೆಗಳಿವೆ.

ಈಗಿನ ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿನಿ ರಾಗ ಹಾಡುತ್ತಾಳೆ, ನೆರವಲ್ ಮಾಡುತ್ತಾಳೆ, ಕಲ್ಪನಾಸ್ವರ ಹಾಕುತ್ತಾಳೆ, ಪರೀಕ್ಷಕರು ಅಂಕ ಕೊಡುತ್ತಾರೆ. ಅದು ಹಾಗೇ ಇರಲಿ. ಅದರ ಜೊತೆಗೆ ಇನ್ನೊಂದು ದಿನ ಪರೀಕ್ಷಕರು ಆ ಶಾಲೆಗೆ ಹೋಗಲಿ. ಅಲ್ಲಿ ವಿದ್ಯಾರ್ಥಿನಿ ಬಾಯಿ ತೆರೆಯುವುದು ಬೇಡ, ಶ್ರುತಿ ಕೊಟ್ಟು ಸುಮ್ಮನೆ ಪಕ್ಕಕ್ಕೆ ನಿಲ್ಲಲಿ. ಮಕ್ಕಳು ಎರಡು ಹಾಡು ಹಾಡಲಿ, ಒಂದು ಅಲಂಕಾರವನ್ನು ತಾಳ ಹಾಕುತ್ತಾ ಎರಡು ಕಾಲದಲ್ಲಿ ಹೇಳಲಿ. ಆಮೇಲೆ ಪರೀಕ್ಷಕರು ಹೊಸದೊಂದು ನಾಲ್ಕು ಸ್ವರದ ಸಂಚಾರವನ್ನು ಹಾಡಿ ತೋರಿಸಿ, ಮಕ್ಕಳು ಅದನ್ನು ಹಿಡಿಯುತ್ತಾರೆಯೇ ಎಂದು ನೋಡಲಿ. ಹಿಂದಿನ ಸಾಲಿನ ಹುಡುಗರು ಹಾಡುತ್ತಿದ್ದಾರೆಯೇ ಎಂದು ಬೇಕೆಂದೇ ಹತ್ತಿರ ಹೋಗಿ ಕೇಳಲಿ. ರಾಗಾಲಾಪನೆಗೆ ಎಷ್ಟು ಅಂಕವಿದೆಯೋ ಇದಕ್ಕೂ ಅಷ್ಟೇ ಅಂಕವಿರಲಿ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆಯಲ್ಲಿ ಈ ಒಂದು ಪರೀಕ್ಷೆಯನ್ನು ಸೇರಿಸಿದರೂ ಸಾಕು, ಅದಕ್ಕೆ ತಯಾರಾಗುವ ಸಲುವಾಗಿಯೇ ಉಳಿದ ಪಾಠಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಸಮಿತಿಯಲ್ಲಿರುವವರು ಇಂದು ಈ ಸಭೆಯಲ್ಲೂ ಇದ್ದೀರಿ. ಕರಡು ಬರೆಯುವಾಗ ಕರೆದರೆ ನಾನು ಬರುತ್ತೇನೆ.